ಗಿರಿಯ ಪಕ್ಕಕ್ಕೊಂದು ಜಾವಾ

"ಫೋಟೋದಾಗೆ ಗಿರಿ ಪಕ್ಕ ಒಂದು ಜಾವಾ ನಿಲ್ಸ್ಕೊಡ್ತೀಯಾ?" ಎಂದು ಅಮ್ಮ ಕೇಳಿದಾಗ ಮಹಾಲಯ ಅಮಾವಾಸ್ಯೆಗೆ ಇನ್ನೂ ಮೂರು ವಾರವಿತ್ತು. ಕೆಂಪಾಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಕೈ ನಿಂತುಹೋಯಿತು.

ಗಿರಿ ನನ್ನ ತಮ್ಮ. ಹೋದ ವರ್ಷ ಆಷಾಢದಲ್ಲಿ ಡೆಂಗಿ ಬಂದು ತೀರಿಕೊಂಡ, ಇಪ್ಪತ್ತನಾಲ್ಕು ವರ್ಷಕ್ಕೆ. ವರ್ಷದ ತಿಥಿ ಮುಗಿದಿತ್ತು. ಹಿರಿಯರ ಸಾಲಿನಲ್ಲಿ ಅವನಿಗೆ ಎಡೆ ಇಡುವುದು ಇದೇ ಮೊದಲು. ನನಗಿಂತ ಒಂಬತ್ತು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದವನು, ಹಿರಿಯನಂತೆ! ದೇವರಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಅವತ್ತೇ ತೀರ್ಮಾನಿಸಿದ್ದೆ.

ನಮ್ಮ ಕಡೆ ಎಡೆ ಎಂದರೆ ಬರೀ ಊಟವಲ್ಲ. ಸತ್ತವರು ಏನೇನು ಇಷ್ಟಪಟ್ಟಿದ್ದರೋ ಅದೆಲ್ಲವೂ ಫೋಟೋದ ಮುಂದೆ, ಬಾಳೆಲೆಯ ಪಕ್ಕದಲ್ಲಿ ಇರಬೇಕು. ತಾತ ಚಿಕ್ಕಬೈರಪ್ಪನಿಗೆ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಅಜ್ಜಿ ಮುನಿವೆಂಕಟಮ್ಮನಿಗೆ ಎಲೆ ಅಡಿಕೆ, ಕಡ್ಡಿಪುಡಿ. ಬದುಕಿದ್ದಾಗ ಸಕ್ಕರೆ ಕಾಯಿಲೆ ಎಂದು ಡಾಕ್ಟರು ತಿನ್ನಬಿಡದಿದ್ದ ಮೈಸೂರು ಪಾಕನ್ನೂ ಅಜ್ಜಿಗೆ ಇಡುತ್ತೇವೆ, ಇನ್ನು ಅವರಿಗೆ ಯಾವ ಪಥ್ಯ? ಆಸೆಪಟ್ಟು ಸಿಗದೇ ಹೋದದ್ದನ್ನಂತೂ ತಪ್ಪಿಸುವ ಹಾಗೇ ಇಲ್ಲ. ಅದು ಕಾಣದಿದ್ದರೆ ಬಂದವರು ಎಲೆ ಮುಟ್ಟದೆ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾರೆ ಎಂದು ಅಮ್ಮನ ನಂಬಿಕೆ.

ಗಿರಿ ಆಸೆಪಟ್ಟದ್ದು ಒಂದೇ. ಹಳೆಯ ಜಾವಾ ಬೈಕು. ಕೆಂಗಂದು ಬಣ್ಣ, ಟ್ಯಾಂಕಿನ ಎರಡೂ ಪಕ್ಕ ಕನ್ನಡಿಯಂತೆ ಹೊಳೆಯುವ ಕ್ರೋಮ್. ಹೈಸ್ಕೂಲಿನಲ್ಲಿದ್ದಾಗಲೇ ನೋಟ್‌ಬುಕ್ಕಿನ ಹಿಂದೆಲ್ಲ ಅದರದೇ ಚಿತ್ರ. ಅಮ್ಮ ಮೊದಲು ಆರ್.ಟಿ. ನಗರದ ಒಂದು ಅಂಗಡಿಯಿಂದ ಅಂಗೈಯಗಲದ ಆಟದ ಬೈಕು ತಂದಿದ್ದಳು. ಮೂರು ದಿನ ನೋಡಿ ನೋಡಿ ಅದನ್ನು ಅಟ್ಟಕ್ಕೆ ಎಸೆದಳು.

"ಆಟದ ಸಾಮಾನು ಇಟ್ರೆ ಅವನ್ನ ಅಣಕಿಸ್ದಂಗಾಯ್ತದೆ ಕಣೆ, ನಯನಾ. ನೀನು ಖಾಲಿ ಸೈಟಲ್ಲಿ ಇಪ್ಪತ್ತು ಮಹಡಿ ಬಿಲ್ಡಿಂಗ್ ನಿಲ್ಲಿಸ್ತೀಯ. ನಿನ್ ತಮ್ಮನ ಪಕ್ಕ ಒಂದು ಗಾಡಿ ನಿಲ್ಸಕ್ಕಾಗಲ್ವಾ?"

ಅಮ್ಮ ಹೇಳಿದ್ದು ಸರಿ. ಸಂಜಯನಗರದ ಒಂದು ಸಣ್ಣ ಆಫೀಸಿನಲ್ಲಿ ನನಗೆ ಅದೇ ಕೆಲಸ. ಬಿಲ್ಡರುಗಳು ಮುಳ್ಳುಗಿಡ ಬೆಳೆದ ಜಾಗದ ಫೋಟೋ ಕಳಿಸುತ್ತಾರೆ. ನಾನು ಕಂಪ್ಯೂಟರಿನಲ್ಲಿ ಕಟ್ಟಡ ಕಟ್ಟಿ, ಅದನ್ನು ಆ ಫೋಟೋದೊಳಗೆ ಕೂರಿಸುತ್ತೇನೆ. ಬೇಲಿಯ ಆಚೆ ನಿಂತ ಹಸು ಕೂಡ ನಿಜವಾದ ಕಟ್ಟಡ ಎಂದು ನಂಬಬೇಕು, ಹಾಗೆ. ಊರವರ ಕಣ್ಣಿಗೆ ಮಣ್ಣೆರಚುವ ಕೆಲಸ ಎಂದು ಗಿರಿ ಅಣಕಿಸುತ್ತಿದ್ದ. ಆದರೆ ಮಣ್ಣೆರಚಲಿಕ್ಕೂ ಬಹಳ ನಿಯತ್ತು ಬೇಕು. ಫೋಟೋ ತೆಗೆದವರು ಕ್ಯಾಮೆರಾವನ್ನು ಎಷ್ಟು ಎತ್ತರದಲ್ಲಿ ಹಿಡಿದಿದ್ದರು, ಬಿಸಿಲು ಎಲ್ಲಿಂದ ಬೀಳುತ್ತಿತ್ತು, ನೆರಳು ಎಷ್ಟು ಕಪ್ಪಗಿತ್ತು ಎಂಬುದನ್ನೆಲ್ಲ ಕಂಡುಹಿಡಿದು ಅದೇ ಪ್ರಕಾರ ಮಾಡಬೇಕು. ಒಂದು ತಪ್ಪಿದರೂ ವಸ್ತು ನೆಲಕ್ಕೆ ಕೂರುವುದಿಲ್ಲ, ಅಂಟಿಸಿದ ಹಾಗೆ ತೇಲುತ್ತದೆ.

ಅಮ್ಮ ಹೇಳಿದ ಫೋಟೋ ನಮ್ಮ ಮನೆಯ ನಡುಮನೆಯಲ್ಲಿ ಹಾರ ಹಾಕಿಸಿಕೊಂಡು ನೇತಾಡುತ್ತಿರುವುದೇ. ಅದರ ಕಥೆ ಹೇಳಬೇಕೆಂದರೆ ಮನೆಯ ಜಗಳ ಹೇಳಬೇಕು.

ಗಿರಿ ಇಂಜಿನಿಯರಿಂಗ್ ಓದುತ್ತಿದ್ದಾನೆ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಮೂರನೇ ವರ್ಷದಲ್ಲೇ ಕಾಲೇಜು ಬಿಟ್ಟು, ದಿನಾ ಬೆಳಿಗ್ಗೆ ಬ್ಯಾಗು ಏರಿಸಿಕೊಂಡು ಯಶವಂತಪುರದ ಒಂದು ಗ್ಯಾರೇಜಿಗೆ ಹೋಗಿ ಹಳೇ ಗಾಡಿಗಳ ಇಂಜಿನ್ ಬಿಚ್ಚಿಕೊಂಡು ಕೂತಿರುತ್ತಿದ್ದ. ನಮ್ಮಪ್ಪ ಶ್ರೀರಾಮಪ್ಪನಿಗೆ ಚಿಕ್ಕಜಾಲದ ಹತ್ತಿರ ಸಿಮೆಂಟ್ ಬ್ಲಾಕ್ ಮಾಡುವ ಕಾರ್ಖಾನೆಯಿದೆ. ವಿಷಯ ಗೊತ್ತಾದ ದಿನ ಅಪ್ಪ ಅಲ್ಲಿಗೇ ಅವನನ್ನು ಕರೆಸಿ, ಕೆಲಸದವರೆಲ್ಲರ ಎದುರಿಗೆ ಕೆನ್ನೆಗೆ ಬಾರಿಸಿದ. ಸಂಜೆಯೇ ಗಿರಿ ಬಟ್ಟೆ ಕಟ್ಟಿಕೊಂಡು ಹೋಗಿ ಯಶವಂತಪುರದಲ್ಲಿ ರೂಮು ಮಾಡಿದ. "ಅವನ ರೂಮಿನ ಮೆಟ್ಲು ತುಳ್ದೋರು ಈ ಮನೆ ಹೊಸ್ಲು ತುಳೀಬಾರ್ದು" ಎಂದು ಅಪ್ಪ ಅಪ್ಪಣೆ ಹೊರಡಿಸಿದ. ನಾನು ಆ ಅಪ್ಪಣೆಗೆ ಕಿಲುಬು ಕಾಸಿನ ಬೆಲೆ ಕೊಡಲಿಲ್ಲ, ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಅಮ್ಮ ಮಾತ್ರ ಮೀರಲಿಲ್ಲ. ಅಪ್ಪ ಕಾರ್ಖಾನೆಗೆ ಹೋದ ಮೇಲೆ ದಿನಾ ಫೋನಿನಲ್ಲಿ ಮಾತಾಡುತ್ತಿದ್ದಳು, ಅಷ್ಟೇ. ಎರಡು ವರ್ಷ ಹೀಗೇ ಕಳೆಯಿತು.

ಆ ಭಾನುವಾರ ಸಂಜೆ ಅಮ್ಮನ ಫೋನಿಗೆ ಗಿರಿಯಿಂದ ಒಂದು ಫೋಟೋ ಬಂತು. ಮುಚ್ಚಿದ ಶಟರಿನ ಮುಂದೆ ನಿಂತಿದ್ದಾನೆ. ಬಾಯ್ತುಂಬ ನಗು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟ ಎಂದು ಫೋಟೋದಲ್ಲಿ ಯಾವತ್ತೂ ಬಾಯಿ ಬಿಡದವನು ಇದರಲ್ಲಿ ಮಾತ್ರ ಹಾಗೆ ನಗುತ್ತಿದ್ದ. ತೆಗೆದವರಿಗೆ ಫೋನು ಹಿಡಿಯಲು ಬರುತ್ತಿರಲಿಲ್ಲವೆಂದು ಕಾಣುತ್ತದೆ, ಗಿರಿ ಒಂದು ಅಂಚಿಗೆ ಸರಿದುಹೋಗಿ ಅರ್ಧ ಫೋಟೋ ಬರೀ ಖಾಲಿ ಸಿಮೆಂಟು ನೆಲ. ಬುಧವಾರ ಗ್ಯಾರೇಜಿನವರು ಅವನನ್ನು ಆಸ್ಪತ್ರೆಗೆ ಸೇರಿಸಿ ನಮಗೆ ಫೋನು ಮಾಡಿದರು. ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಟ.

ಅವತ್ತು ಹೆಣದ ಮುಂದೆ ಅಮ್ಮ ಒಂದು ಮಾತು ಅಂದಳು. "ಎರಡು ವರ್ಸ ಮಗನ ಮುಖ ನೋಡ್ದೇ ಇದ್ದೋರು, ಈಗ ನೋಡ್ಕಳಿ." ಅದೇ ಕೊನೆ. ಆಮೇಲೆ ಅಪ್ಪನ ಜೊತೆ ಅಮ್ಮ ನೇರವಾಗಿ ಮಾತಾಡಲಿಲ್ಲ. ಊಟಕ್ಕೆ ಬಡಿಸಿ ಗೋಡೆಗೆ ಹೇಳುತ್ತಿದ್ದಳು, "ಮುದ್ದೆ ಆರ್ತದೆ" ಎಂದು. ಅಪ್ಪ ಗೋಡೆಯ ಪರವಾಗಿ ಎದ್ದು ಬಂದು ಉಣ್ಣುತ್ತಿದ್ದ.

ಐದು ದಿನ ಕೂತು ಜಾವಾ ಕಟ್ಟಿದೆ. ಚಕ್ರದ ಕಡ್ಡಿಯೊಂದೊಂದನ್ನೂ ಬಿಡದೆ ಮಾಡಿದೆ. ಶಟರಿನ ಗೆರೆಗಳನ್ನು ಹಿಡಿದು ಲೆಕ್ಕ ಹಾಕಿದರೆ, ಫೋನು ನೆಲದಿಂದ ನಾಲ್ಕಡಿ ಮೇಲಿತ್ತು. ಅಂದರೆ ಎದೆಯ ಹತ್ತಿರ ಹಿಡಿದು ತೆಗೆದದ್ದು. ಗಿರಿಯ ನೆರಳು ಅಳೆದರೆ ಹೊತ್ತು ಸುಮಾರು ನಾಲ್ಕು ಗಂಟೆ. ಅದೇ ದಿಕ್ಕಿಗೆ ಬೈಕಿನ ನೆರಳು ಬೀಳಿಸಿದೆ. ಟಯರು ನೆಲ ಮುಟ್ಟುವ ಕಡೆ ಕಾಡಿಗೆಯಷ್ಟು ಕಪ್ಪು ಇಟ್ಟೆ. ಗಿರಿಯ ಫೋನು ಅಗ್ಗದ್ದು, ಫೋಟೋದಲ್ಲಿ ಕಾಳು ಕಾಳು. ಬೈಕಿಗೂ ಅಷ್ಟೇ ಕಾಳು ಉದುರಿಸಿದೆ. ಪ್ರಿಂಟು ತೆಗೆಸಿ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಬಹಳ ಹೊತ್ತು ನೋಡಿದಳು. "ಗಾಡಿ ಚೆನ್ನಾಗದೆ. ಆದ್ರೆ ಅವನ ಜೊತೆ ಇಲ್ಲ ಕಣೆ ಇದು. ಇದೇ ಬ್ಯಾರೆ ಎಲ್ಲೋ ನಿಂತದೆ."

ನನಗೆ ಮೈಯೆಲ್ಲ ಉರಿಯಿತು. ಐದು ದಿನ ಬೆನ್ನು ಮುರಿದುಕೊಂಡವಳು ನಾನು, ಎಲ್ಲಿ ತಪ್ಪಿದೆ ತೋರಿಸು ಎಂದು ರೇಗಿದೆ. ಅಮ್ಮನಿಗೆ ತೋರಿಸಲು ಬರಲಿಲ್ಲ. ಸುಮ್ಮನೆ ಫೋಟೋ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಹಾಗೆ ಕೂತದ್ದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು.

ಮರುದಿನ ಆಫೀಸಿನಲ್ಲಿ ಮುಬೀನ್‌ಗೆ ತೋರಿಸಿದೆ. ಮುಬೀನ್ ನನ್ನ ಪಕ್ಕದ ಸೀಟಿನವನು, ಹತ್ತು ವರ್ಷದಿಂದ ಇದೇ ಕೆಲಸದಲ್ಲಿ ಕಣ್ಣು ಕಳೆದುಕೊಂಡವನು. ಅವನು ಎರಡು ನಿಮಿಷದಲ್ಲಿ ಟ್ಯಾಂಕಿನ ಮೇಲೆ ಬೆರಳಿಟ್ಟ.

"ಗುರು, ಕ್ರೋಮ್ ಅಂದ್ರೆ ಕನ್ನಡಿ. ನೀನು ಇದ್ರಲ್ಲಿ ಯಾವ್ದೋ ಫಾರಿನ್ ಚೌಕ ತೋರಿಸ್ತಿದೀಯ, ನೋಡು, ಲೈಟ್ ಕಂಬ ಎಲ್ಲ ಬಂದಿದೆ. ನೆಟ್ಟಲ್ಲಿ ಸಿಗೋ ರೆಡಿಮೇಡ್ ಫೋಟೋ ಹಾಕಿದೀಯ ತಾನೆ? ಇಲ್ಲಿ ಯಶವಂತಪುರ ಕಾಣ್ಬೇಕು. ಮತ್ತೆ ಫೋಟೋ ತೆಗ್ದೋರೆಲ್ಲಿ? ಕನ್ನಡಿ ಮುಂದೆ ನಿಂತು ಫೋಟೋ ತೆಗ್ದೋರು ಕನ್ನಡೀಲಿ ಕಾಣ್ಬೇಡ್ವಾ?"

ಫೋಟೋ ಯಾರು ತೆಗೆದರೆಂದು ನಾನು ಅಮ್ಮನನ್ನು ಕೇಳಿದೆ. "ಗ್ಯಾರೇಜ್ ಹುಡುಗ್ರು ಯಾರೋ ತೆಗ್ದಿರ್ತಾರೆ" ಅಂದಳು. ಗ್ಯಾರೇಜಿಗೆ ಫೋನು ಮಾಡಿದೆ. ಭಾನುವಾರ ಅವರಿಗೆ ರಜೆ, ಯಾರೂ ಆ ಕಡೆ ಹೋಗಿರಲಿಲ್ಲ. ಯಾರಾದರೇನು, ಟ್ಯಾಂಕಿನ ಮೇಲೆ ಒಂದು ಕಡ್ಡಿಯಷ್ಟು ಆಕಾರ, ಹೇಗೋ ಒಂದು ಗೊಂಬೆ ನಿಲ್ಲಿಸಿದರಾಯಿತು ಎಂದುಕೊಂಡೆ. ರಸ್ತೆಯನ್ನಾದರೂ ನಿಜದ್ದೇ ಹಾಕೋಣವೆಂದು ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಯಶವಂತಪುರಕ್ಕೆ ಹೋದೆ.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ಫಳಫಳ ಹೊಳೆಯುವ ಸ್ಟೀಲ್ ಗುಂಡು ಇದೆ. ಆಫೀಸಿನಲ್ಲಿ ಅದಕ್ಕೆ ಲಡ್ಡು ಎಂದು ಹೆಸರು. ವಸ್ತು ಎಲ್ಲಿ ನಿಲ್ಲಬೇಕೋ ಅಲ್ಲಿ ಲಡ್ಡು ಇಟ್ಟು ಫೋಟೋ ತೆಗೆದರೆ, ಸುತ್ತಲಿನದೆಲ್ಲ ಅದರ ಮೈಮೇಲೆ ಬಂದು ಕೂರುತ್ತದೆ. ಆಮೇಲೆ ಅದನ್ನು ಬಿಡಿಸಿ ಕ್ರೋಮಿನ ಮೇಲೆ ಹರಡಿದರಾಯಿತು. ಗಿರಿಯ ರೂಮಿನ ಕೆಳಗಿದ್ದ ಅದೇ ಶಟರಿನ ಮುಂದೆ ನಾನು ಲಡ್ಡು ಇಡುತ್ತಿದ್ದಾಗ ಎದುರಿನ ಖಾನಾವಳಿಯಿಂದ ಸಂಗವ್ವ ಬಂದಳು. ಗದಗದ ಕಡೆಯವಳು, ಎರಡು ವರ್ಷ ಗಿರಿಗೆ ರೊಟ್ಟಿ ಹಾಕಿದವಳು.

"ಏನವಾ ಇದು, ನಯನಾ? ದೇವರ ಗುಂಡಿನಂಗ ಐತಿ."

ಫೋನಿನಲ್ಲಿ ಫೋಟೋ ತೋರಿಸಿ, ಇದನ್ನು ಯಾರು ತೆಗೆದರೋ ಗೊತ್ತಾಗಲಿಲ್ಲ ಎಂದೆ. ಸಂಗವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಿಮ್ಮಪ್ಪಾರ ತಗದ್ರಲ್ಲ!"

"ನಮ್ಮಪ್ಪ ಇಲ್ಲಿಗೆ ಬಂದೇ ಇಲ್ಲ ಸಂಗವ್ವ."

"ಬಂದಿಲ್ಲಂದ್ರ ನಾ ಚಾ ಮಾಡಿ ಯಾರಿಗೆ ಕೊಟ್ಟೆ? ಬಿಳೀ ಪಂಚೆ, ಹೆಗಲ ಮ್ಯಾಲ ಟವೆಲ್. 'ಸಂಗವ್ವಾ, ನಮ್ಮಪ್ಪ ಬಂದಾನ, ಚಾ ಕೊಡು' ಅಂತ ಹುಡುಗ ಇಲ್ಲೇ ನಿಂತು ಒದರಿದ. ಅಷ್ಟು ಖುಷಿ ಇದ್ದ. ಮೈ ನೋಡಿದ್ರ ಕೆಂಡ ಆಗಿತ್ತವಾ ಅವತ್ತ. ನಾನಾ ನಿಮ್ಮಪ್ಪಾರಿಗೆ ಹೇಳಿದ್ನಿ, ಯಪ್ಪಾ, ನಾಕ ದಿನ ಮನಿಗೆ ಕರಕೊಂಡ ಹೋಗ್ರಿ ಅಂತ. ಹೂಂ ಅಂದ್ರು." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ನಿಮಗ ಗೊತ್ತಿದ್ದಿಲ್ಲೇನು?"

ಲಡ್ಡುವನ್ನು ಬ್ಯಾಗಿಗೆ ಹಾಕಿಕೊಂಡು ಅಲ್ಲಿಂದಲೇ ಚಿಕ್ಕಜಾಲಕ್ಕೆ ಹೋದೆ. ಹೆಬ್ಬಾಳ ದಾಟುವವರೆಗೂ ಏನೇನೋ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ.

ಅಪ್ಪ ಹಸಿ ಬ್ಲಾಕುಗಳ ಸಾಲಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ಭಾನುವಾರ ಆಳುಗಳಿಲ್ಲದಾಗ ಅವನೇ ಬಂದು ನೀರು ಹಾಯಿಸುತ್ತಾನೆ.

"ಗಿರಿ ಫೋಟೋ ತೆಗ್ದಿದ್ದು ನೀನಾ?"

ಅಪ್ಪ ತಿರುಗಲಿಲ್ಲ. ಪೈಪು ಒಂದೇ ಕಡೆ ನಿಂತು, ಬ್ಲಾಕಿನ ಬುಡದಲ್ಲಿ ನೀರು ಮಡುಗಟ್ಟಿತು.

"ಯಾರು ಯೋಳಿದ್ದು?"

"ಸಂಗವ್ವ."

ಅವನು ಹೋಗಿ ನಲ್ಲಿ ನಿಲ್ಲಿಸಿ ಬಂದು ಬ್ಲಾಕಿನ ಮೇಲೆ ಕೂತ. ನಾನು ಜೋಡಿಸಿಕೊಂಡು ಬಂದದ್ದೆಲ್ಲ ಬಾಯಲ್ಲೇ ಉಳಿಯಿತು. ಅಪ್ಪ ಅಷ್ಟು ಮುದುಕನಾಗಿದ್ದು ಯಾವಾಗ ಎಂದು ನನಗೆ ಗೊತ್ತೇ ಇರಲಿಲ್ಲ.

"ಮೂರು ಸಲ ಓಗಿದ್ದೆ. ರೋಡಿನ ಆ ಕಡೆ ನಿಂತು ನೋಡ್ಕೊಂಡು ಬತ್ತಿದ್ದೆ. ನಾಕನೇ ಸಲ ಅವನೇ ನೋಡ್ಬುಟ್ಟ, ಓಡ್ಬಂದ. ರೂಮಲ್ಲಿ ಬಿಚ್ಚಿಟ್ಟಿದ್ದ ಇಂಜಿನ್ ತೋರ್ಸಿದ, ಟೀ ಕುಡ್ಸಿದ. 'ಅಮ್ಮಂಗೆ ಒಂದು ಫೋಟೋ ಕಳಿಸ್ತೀನಿ, ನೀನೇ ತೆಗಿಯಪ್ಪಾ' ಅಂದ. ನಾನು ಬಂದಿದ್ದು ಯೋಳ್ಬೇಡ ಅಂದೆ. ಸರಿ ಅಂದ. ತೆಗ್ದೆ. ಫೋನು ವಾಪಸ್ ಕೊಡುವಾಗ ಕೈಗೆ ಕೈ ತಾಕ್ತು." ಅಪ್ಪ ತನ್ನ ಅಂಗೈ ನೋಡಿಕೊಂಡ. "ಸುಡ್ತಿತ್ತು ಕಣಮ್ಮಾ."

"ಆಮೇಲೆ?"

"ಜ್ವರ ಏನ್ಲಾ ಅಂದೆ. ನೆಗಡಿ ಅಷ್ಟೇ ಅಂದ. ಮಾತ್ರೆ ನುಂಗು ಅಂದೆ."

"ಮನೆಗೆ ಬಾ ಅನ್ಲಿಲ್ವಾ?"

"ಬಾಯಿಗಂಟ ಬಂದಿತ್ತು. ಅವನೇ ಕೇಳ್ಲಿ ಅಂತ ಕಾದೆ. 'ಬತ್ತೀನಪ್ಪ' ಅಂತ ಒಂದ್ಮಾತು ಅಂದಿದ್ರೆ ಎತ್ಕೊಂಡು ಬತ್ತಿದ್ದೆ. ನಾನು ಕರೀಲಿ ಅಂತ ಅವನು ಕಾದ್ನೋ ಏನೋ. ಇಬ್ರೂ ಸ್ಟಾಪಲ್ಲಿ ಸುಮ್ಕೆ ನಿಂತಿದ್ದೊ. ಬಸ್ ಬಂತು, ಅತ್ಕಂಡು ಬಂದ್ಬುಟ್ಟೆ."

ನಾನು ಅತ್ತೆ. ಆಮೇಲೆ ಬೈದೆ. ಅಪ್ಪನಿಗೆ ಮಕ್ಕಳು ಆಡಬಾರದ ಮಾತುಗಳನ್ನೇ ಆಡಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಅಮ್ಮನಿಗೆ ಒಂದು ವರ್ಷದಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಮಾತ್ರ ಬಾಯಿಬಿಟ್ಟ.

"ಮಗನ ಮುಖ ನೋಡ್ದೇ ಇದ್ದೋನು ಅಂತ ಬೈತಾಳೆ. ಬೈಲಿ. ನೋಡಿ ಬುಟ್ಟು ಬಂದೋನು ಅಂತ ಗೊತ್ತಾದ್ರೆ ಅವಳು ತಡ್ಕಳಲ್ಲ. ಅವಳ್ನ ಓಗ್ಬೇಡ ಅಂತ ತಡೆದೋನು ನಾನು. ನಿಮ್ಮಮ್ಮಂಗೆ ಯೋಳ್ಬೇಡ ಕಣಮ್ಮಾ, ನಿನ್ ಕಾಲ್ ಇಡ್ಕೋತೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಒಂದು ಷರತ್ತು ಹಾಕಿದೆ. ಬರುವ ಭಾನುವಾರ ಅವನು ನನ್ನ ಜೊತೆ ಯಶವಂತಪುರಕ್ಕೆ ಬಂದು, ಅವತ್ತು ನಿಂತಿದ್ದ ಜಾಗದಲ್ಲೇ ನಿಲ್ಲಬೇಕು. ಟ್ಯಾಂಕಿನ ಕ್ರೋಮಿನಲ್ಲಿ ಯಾರಾದರೂ ಕಾಣಲೇಬೇಕು, ಅವನಿದ್ದಾಗ ನಾನು ಬೇರೆ ಗೊಂಬೆಯನ್ನು ನಿಲ್ಲಿಸುವುದಿಲ್ಲ ಎಂದೆ.

"ನಿಮ್ಮಮ್ಮಂಗೆ ಕಾಣ್ತದಾ?"

"ಅಕ್ಕಿಕಾಳಿನಷ್ಟು ಇರ್ತೀಯ. ಯಾರಿಗೂ ಕಾಣಲ್ಲ."

ಬಂದ. ಅದೇ ತರಹದ ಬಿಳಿ ಪಂಚೆ ಉಟ್ಟು ಬಂದಿದ್ದ. ಸಂಗವ್ವ ಖಾನಾವಳಿಯ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಹತ್ತಿರ ಬರಲಿಲ್ಲ. ಶಟರಿನ ಮುಂದೆ ಲಡ್ಡು ಇಟ್ಟೆ. ನಾನು ಹೇಳುವ ಮೊದಲೇ ಅಪ್ಪ ರಸ್ತೆಯ ಅಂಚಿನಲ್ಲಿ ಒಂದು ಜಾಗಕ್ಕೆ ಹೋಗಿ ನಿಂತ. ಎಡಗಾಲು ಸ್ವಲ್ಪ ಮುಂದಿಟ್ಟು, ಫೋನನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದ. ನಾನು ನನ್ನ ಕೆಲಸ ಮುಗಿಸಿ "ಆಯ್ತಪ್ಪ" ಎಂದೆ. ಅಪ್ಪ ಕೈ ಇಳಿಸಲಿಲ್ಲ. ಹತ್ತಿರ ಹೋಗಿ ನೋಡಿದರೆ ಫೋನಿನ ಪರದೆಯ ತುಂಬ ಮುಚ್ಚಿದ ಶಟರು, ಖಾಲಿ ನೆಲ. ಅವನು ಅದನ್ನೇ ನೋಡುತ್ತ ನಿಂತಿದ್ದ. ನಾನೇ ಫೋನು ಕಸಿದುಕೊಂಡು ಅವನನ್ನು ಆಟೋ ಹತ್ತಿಸಿದೆ.

ಈ ಸಲ ಬೈಕು ಕೂತಿತು. ಗಿರಿಯ ಶರ್ಟಿನ ನೀಲಿ ಟ್ಯಾಂಕಿನ ಒಂದು ಮೂಲೆಯಲ್ಲಿ, ಖಾನಾವಳಿಯ ಹಳದಿ ಬೋರ್ಡು ಇನ್ನೊಂದು ಮೂಲೆಯಲ್ಲಿ. ನಡುವೆ ಅಪ್ಪ. ಮುಬೀನ್ ನೋಡಿ ತಲೆದೂಗಿದ. "ಪಕ್ಕಾ ಇದೆ ಗುರು. ಈ ಅಂಕಲ್‌ನ ಮಾತ್ರ ಸ್ವಲ್ಪ ಬ್ಲರ್ ಮಾಡು. ಉಳಿದ ಫೋಟೋಗಿಂತ ಇವ್ರೊಬ್ರೇ ಜಾಸ್ತಿ ಕ್ಲಿಯರ್ ಇದಾರೆ."

ಅವನು ಹೇಳಿದ್ದು ನ್ಯಾಯ. ನನ್ನ ಕೆಲಸದಲ್ಲಿ ಅದು ದೊಡ್ಡ ತಪ್ಪು. ಹೊಸಬರು ಮಾಡಿದರೆ ನಾನೇ ತಲೆಗೆ ಮೊಟಕುತ್ತೇನೆ. ಆದರೂ ಮಸುಕು ಮಾಡಲಿಲ್ಲ. ಅಮ್ಮನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಬಾಯಿಬಿಟ್ಟು ಹೇಳಲಿಲ್ಲ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅಮ್ಮನಿಗೆ ಕಾಣಲಿ ಎಂದೇ ಹಾಗೆ ಬಿಟ್ಟೆ. ಅಪ್ಪನ ಮೇಲಿನ ಸಿಟ್ಟಿಗೋ, ಗಿರಿ ಯಾರನ್ನು ನೋಡಿ ನಕ್ಕಿದ್ದ ಎಂಬುದು ಆ ಮನೆಯಲ್ಲಿ ಯಾರಿಗಾದರೂ ಗೊತ್ತಿರಲಿ ಎಂದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನಿಂದ ಅಮ್ಮ ಒಲೆಯ ಮುಂದೆಯೇ ಇದ್ದಳು. ಕಜ್ಜಾಯ, ವಡೆ, ಮುದ್ದೆ, ಮಟನ್ ಸಾರು, ಗಿರಿಗೆಂದು ಬಿರಿಯಾನಿ. ನಡುಮನೆಯಲ್ಲಿ ಮೂರು ಎಲೆ ಹಾಕಿದೆವು. ತಾತನ ಬೀಡಿ ಬ್ರಾಂದಿ, ಅಜ್ಜಿಯ ಎಲೆ ಅಡಿಕೆ ಇಟ್ಟಾಯಿತು. ಗಿರಿಯ ಎಲೆಯ ಪಕ್ಕ ಹೊಸ ಪ್ಯಾಂಟು ಶರ್ಟು. ಹೊಸ ಫೋಟೋವನ್ನು ದೊಡ್ಡ ಕಟ್ಟು ಹಾಕಿಸಿ ತಂದಿದ್ದೆ. ಅಮ್ಮ ಸೆರಗಿನಿಂದ ಗಾಜು ಒರೆಸಿದಳು.

"ಈಗ ಜೊತೇಲಿ ನಿಂತದೆ" ಎಂದಳು. "ಅವನ್ದೇ ಗಾಡಿ ಇದು. ಬಿಸ್ಲಲ್ಲಿ ಇಟ್ಟವ್ನೆ ನೋಡು, ಟ್ಯಾಂಕ್ ಕಾಯ್ತದೆ." ಟ್ಯಾಂಕಿನ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮುಖವನ್ನು ಗಾಜಿಗೆ ತಾಕುವಷ್ಟು ಹತ್ತಿರ ತಂದಳು.

"ಇದ್ಯಾರೆ?"

ಅಪ್ಪ ಬಾಗಿಲ ಹತ್ತಿರ ಊದುಬತ್ತಿ ಹಚ್ಚುತ್ತಿದ್ದ.

"ಮೂವತ್ತೈದು ವರ್ಸ ಈ ಪಂಚೆ ಒಗ್ದಿದೀನಿ. ನಂಗೆ ಗೊತ್ತಾಗಲ್ವಾ?" ಅಮ್ಮ ತಿರುಗಿ ಅಪ್ಪನನ್ನು ನೋಡಿದಳು. ಒಂದು ವರ್ಷದ ಮೇಲೆ ಮೊದಲ ಸಲ ಗೋಡೆಯನ್ನು ಬಿಟ್ಟು ಅವನಿಗೇ ಕೇಳಿದಳು. "ನೀವು ಓಗಿದ್ರಾ?"

ಅಪ್ಪ ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು.

"ಓಗಿದ್ದೆ."

"ನನ್ನ ಓಗ್ಬೇಡ ಅಂದು, ನೀವು ಓಗಿದ್ರಾ?" ಅಮ್ಮ ಲೆಕ್ಕ ಹಾಕುತ್ತಿರುವುದು ಅವಳ ಮುಖದ ಮೇಲೇ ಕಾಣುತ್ತಿತ್ತು. ಭಾನುವಾರ. ಸೋಮವಾರ. ಮಂಗಳವಾರ. ಬುಧವಾರ. "ಮೈ ಬಿಸಿ ಇತ್ತಾ?"

"ಇತ್ತು."

"ಮುಟ್ಟಿ ನೋಡಿದ್ರಾ?"

"ಕೈ ತಾಕ್ತು."

ಅಮ್ಮ ಕಿರುಚುತ್ತಾಳೆ, ಎಲೆಗಳನ್ನು ಎತ್ತಿ ಎಸೆಯುತ್ತಾಳೆ ಎಂದುಕೊಂಡೆ. ನಾನು ಮಾಡಿದ ಕೆಲಸಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮ್ಮ ಏನೂ ಮಾಡಲಿಲ್ಲ. ಫೋಟೋವನ್ನು ಗಿರಿಯ ಎಲೆಯ ಮುಂದೆ ನೆಟ್ಟಗೆ ನಿಲ್ಲಿಸಿ, ಕುಂಕುಮ ಇಟ್ಟಳು. ಕೆಳಗೆ ಕೂತವಳಿಗೆ ಏಳಲಾಗಲಿಲ್ಲ, ನಾನು ಕೈ ಕೊಟ್ಟರೆ ತಳ್ಳಿದಳು. ಗೋಡೆ ಹಿಡಿದುಕೊಂಡು ಎದ್ದಳು.

"ಕರೀರಿ. ಎಡೆ ಆರೋಯ್ತದೆ."

ಎಡೆ ಇಟ್ಟ ಮೇಲೆ ಮನೆಯ ಯಜಮಾನ ಹೊಸ್ತಿಲ ಹತ್ತಿರ ನಿಂತು, ಸತ್ತವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ, ಅವರು ಉಣ್ಣುವಷ್ಟು ಹೊತ್ತು ಕಾಯಬೇಕು. ಅಪ್ಪ ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತ.

"ಅಪ್ಪಾ, ಚಿಕ್ಕಬೈರಪ್ಪಾ, ಬಾರಪ್ಪಾ, ಬಂದು ಉಣ್ಣು. ಅವ್ವಾ, ಮುನಿವೆಂಕಟಮ್ಮಾ, ಬಾರವ್ವಾ." ಅಲ್ಲಿಗೆ ನಿಂತಿತು. "ಗಿರಿ..." ಎಂದ. ಮುಂದೆ ಬರಲಿಲ್ಲ. ಬಾಗಿಲುವಾಡದ ಮೇಲೆ ಕೈಯಿಟ್ಟು ಹಣೆ ಆನಿಸಿದ.

"ಅವತ್ತಂತೂ ಕರೀಲಿಲ್ಲ" ಎಂದಳು ಅಮ್ಮ. ದನಿಯಲ್ಲಿ ಏರಿಳಿತವಿರಲಿಲ್ಲ. "ಇವತ್ತಾದ್ರೂ ಕರೀರಿ."

"ಗಿರೀ, ಬಾರ್ಲಾ ಮಗಾ. ಮನೆಗೆ ಬಾ. ಮನೆಗೆ ಬಾರೋ."

ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಎದುರು ಮನೆಯವರು ಕಿಟಕಿಗೆ ಬಂದರು. ಅಪ್ಪ ಮತ್ತೆ ಮತ್ತೆ ಕರೆಯುತ್ತಲೇ ಇದ್ದ, ನಾನು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅಮ್ಮ ಬಾಗಿಲು ಎಳೆದು ಅಗುಳಿ ಹಾಕಿದಳು.

ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಅಮ್ಮ ಮೇಲಿನ ಮೆಟ್ಟಿಲಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು. ಪ್ರತಿವರ್ಷ ಒಂದು ಹತ್ತು ನಿಮಿಷ ಕಾದು ಒಳಗೆ ಹೋಗುತ್ತೇವೆ. ಹತ್ತಾಯಿತು, ಇಪ್ಪತ್ತಾಯಿತು. ಬಿಸಿಲು ಮೆಟ್ಟಿಲಿಗೆ ಬಂತು. ನನಗೆ ಹಸಿವಾಗಿತ್ತು, ಅದಕ್ಕೂ ನಾಚಿಕೆಯಾಯಿತು. ಕೊನೆಗೆ ಅಪ್ಪ ಎದ್ದು, ಪದ್ಧತಿಯಂತೆ ಮೂರು ಸಲ ಬಾಗಿಲು ತಟ್ಟಲು ಕೈ ಎತ್ತಿದ.

ಅಮ್ಮ ಅವನ ಪಂಚೆಯ ಅಂಚು ಹಿಡಿದು ತಡೆದಳು.

"ತೆಗೀಬೇಡಿ" ಎಂದಳು. "ಮೂರು ವರ್ಸ ಆದ್ಮೇಲೆ ಈಗ ತಾನೆ ಮನೆಗೆ ಬಂದವ್ನೆ. ಇನ್ನೊಂದು ಗಳಿಗೆ ಇರ್ಲಿ."

ಅಪ್ಪ ಕೈ ಇಳಿಸಿ, ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಬಂದು ಕೂತ.